ಜನವಸತಿ ಇಲ್ಲದ ದಿಬ್ಬ

ನಾನು ಶಿಕ್ಷಕಿಯಾಗಿ ಮೊದಲು ಸೇರಿದ್ದು ಬೀಳಗಿ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಒಂದು ಊರಿನ ಶಾಲೆಗೆ. ೧೯೯೭ರ ಮಳೆಗಾಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಲಿರುವ ಊರುಗಳ ಪಟ್ಟಿಯಲ್ಲಿ ಅದೂ ಇತ್ತು. ಹೋಗುವ ಊರಿಗೆ ಹೊಸ ಶಿಕ್ಷಕಿಯನ್ನು ಯಾಕೆ ಕಳಿಸಿದರೋ ಗೊತ್ತಿಲ್ಲ. ಆದೇಶ ಕೈಗೆ ಬಂದಾಗ ನಾನು ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮನೆಯಿಂದ ಹೊರಬಿದ್ದರೆ ಸಾಕಾಗಿತ್ತು.

ನಮ್ಮ ಮನೆ ಬನಹಟ್ಟಿಯಲ್ಲಿ. ಪಡಸಾಲೆಯಲ್ಲಿ ಎರಡು ಪವರ್‌ಲೂಮ್. ಅವಕ್ಕೆ ಬಿಟ್ಟು ಉಳಿದ ಜಾಗದಲ್ಲಿ ನಾವು ಆರು ಜನ. ಒಬ್ಬರು ಉಣ್ಣುವಾಗ ಇನ್ನೊಬ್ಬರು ದಾಟಬೇಕೆಂದರೆ ತಾಟು ಎತ್ತಿಕೊಳ್ಳಬೇಕಿತ್ತು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ನಾವೆಲ್ಲ ಸನ್ನೆಯಲ್ಲೇ ಜಗಳವಾಡುವುದನ್ನು ಕಲಿತಿದ್ದೆವು. ನಾನು ಟಿ.ಸಿ.ಎಚ್. ಪರೀಕ್ಷೆಗೆ ಓದಿದ್ದು ಬಾಬಿನು ತುಂಬಿದ ಬುಟ್ಟಿಗಳ ನಡುವೆ ಮೊಣಕಾಲು ಮಡಚಿ ಕೂತು. ಹಾಗಾಗಿ ಹೊಳೆದಂಡೆಯ ಊರಿಗೆ ಬಂದ ಮೊದಲ ದಿನ ಶಾಲೆಯ ಕಟ್ಟೆಯ ಮೇಲೆ ನಿಂತು ನೋಡಿದಾಗ ಆ ಬಯಲು ನನಗೆ ಹೆದರಿಕೆಯನ್ನೇ ಹುಟ್ಟಿಸಿತು. ಇಷ್ಟು ಜಾಗವನ್ನು ಏನು ಮಾಡುವುದು ಅನ್ನಿಸಿತು.

ಊರಿನ ಆಚೆ, ಕರಿ ಹೊಲಗಳನ್ನು ದಾಟಿದರೆ ಒಂದು ಕಲ್ಲುದಿಬ್ಬವಿತ್ತು. ಅದರ ಮೇಲೆ ಬೀರೇಶ್ವರನ ಚಿಕ್ಕ ಗುಡಿ, ಗುಡಿಯ ಪಕ್ಕಕ್ಕೆ ಒಂದೇ ಒಂದು ಮನೆ. ಕಲ್ಲಿನ ಗೋಡೆ, ಹುಲ್ಲಿನ ಮಾಡು, ಸುತ್ತ ಜಾಲಿಮುಳ್ಳಿನ ಬೇಲಿಯ ಕುರಿಹಟ್ಟಿ. ಅಲ್ಲಿದ್ದವರು ನಾಲ್ಕು ಜನ. ಕುರಿ ಕಾಯುವ ಗಂಡ, ಅವನ ಹೆಂಡತಿ, ಅವನ ಮುದಿ ತಾಯಿ ಮತ್ತು ಒಬ್ಬಳು ಮಗಳು. ಮಗಳು ನನ್ನ ಶಾಲೆಯಲ್ಲಿ ಮೂರನೆಯ ಇಯತ್ತೆಯಲ್ಲಿದ್ದಳು. ಕುರಿಗಳ ಜೊತೆ ಮನೆಯವರೆಲ್ಲ ದೂರ ಹೋದಾಗ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ಮಾತ್ರ ಬಿಟ್ಟ ಪಾಠವನ್ನೆಲ್ಲ ಗಬಗಬನೆ ನುಂಗುವವಳಂತೆ ಕಲಿಯುತ್ತಿದ್ದಳು.

ಅವಳ ತಾಯಿಗೆ ಆಗ ಮೂವತ್ತೈದರ ಆಸುಪಾಸು. ಒಂದು ಮುಂಜಾನೆ ತಾನಾಗಿಯೇ ಶಾಲೆಗೆ ಬಂದು, ಮಗಳ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ತೋರಿಸಿ ಎಂದು ಕೇಳಿದ್ದಳು. ಓದಲು ಬರುತ್ತಿರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದ ಮೇಲೆ ಆ ಸಾಲನ್ನೇ ಸ್ವಲ್ಪ ಹೊತ್ತು ನೋಡಿ ಹೋದಳು. ಅವಳಿಗೆ ಪಟ್ಟಿಗಳ ಮೇಲೆ ಯಾಕೆ ಅಷ್ಟು ಕಾಳಜಿ ಎಂಬುದು ನನಗೆ ತಡವಾಗಿ ಗೊತ್ತಾಯಿತು.

ಮುಳುಗಡೆಯ ಸರ್ವೆ ನಡೆದಾಗ ಅವರು ಕುರಿ ಹೊಡೆದುಕೊಂಡು ಎಲ್ಲೋ ಹೋಗಿದ್ದರು. ಬಾಗಿಲಿಗೆ ಚಿಲಕ, ಹಟ್ಟಿ ಖಾಲಿ. ಬಂದವರು ನೋಡಿ, ಕಲ್ಲುದಿಬ್ಬ, ಜನವಸತಿ ಇಲ್ಲ ಎಂದು ಬರೆದುಕೊಂಡು ಹೋದರು. ದಿಬ್ಬವು ಸರಕಾರದ ಗಾಯರಾಣದಲ್ಲಿ, ದನ ಮೇಯಲು ಬಿಟ್ಟ ನೆಲದಲ್ಲಿತ್ತು. ಮನೆಗೆ ಉತಾರೆ ಇರಲಿಲ್ಲ. ಮುದುಕಿಯ ಮಾವನ ಕಾಲದಿಂದ ಅಲ್ಲೇ ಇದ್ದವರಿಗೆ ಒಂದು ಕಾಗದ ಬೇಕಾಗುತ್ತದೆ ಎಂದು ಹೊಳೆದೂ ಇರಲಿಲ್ಲ. ತಿರುಗಿ ಬಂದ ಮೇಲೆ ಗಂಡ ಹೋಗಿ ಕೇಳಿದಾಗ ಪುನರ್ವಸತಿ ಕಚೇರಿಯಲ್ಲಿ ಎರಡು ಮಾತು ಹೇಳಿದರಂತೆ. ಒಂದು, ಅಲ್ಲಿ ಮನೆಯೇ ಇಲ್ಲ. ಇನ್ನೊಂದು, ಇದ್ದರೂ ಆ ದಿಬ್ಬ ಮುಳುಗುವುದಿಲ್ಲ, ಅಂದಮೇಲೆ ನೀವು ಸಂತ್ರಸ್ತರಲ್ಲ. ದಿಬ್ಬ ಮುಳುಗುವುದಿಲ್ಲ ಅನ್ನುವುದು ನಿಜವೇ ಆಗಿತ್ತು. ಸುತ್ತಲಿನದೆಲ್ಲ ಮುಳುಗುತ್ತದೆ ಅನ್ನುವುದನ್ನು ಯಾವ ಅರ್ಜಿಯಲ್ಲಿ ಬರೆಯಬೇಕು ಎಂದು ಯಾರೂ ಅವನಿಗೆ ಹೇಳಲಿಲ್ಲ.

ಎರಡು ವರ್ಷದಲ್ಲಿ ಊರು ಹೋಯಿತು. ಒಂದೇ ದಿನ ಹೋಗಲಿಲ್ಲ, ಬಾಗಿಲು, ತೊಲೆ, ಹಂಚು ಹೀಗೆ ಬಿಚ್ಚಿ ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹೋಯಿತು. ಎತ್ತರದಲ್ಲಿ ಹೊಸದಾಗಿ ಮಾಡಿದ ಪುನರ್ವಸತಿ ಕೇಂದ್ರಕ್ಕೆ ಶಾಲೆಯೂ ಸ್ಥಳಾಂತರವಾಗಿ ತಗಡಿನ ಶೆಡ್ಡಿನಲ್ಲಿ ಕೂತಿತು. ನಾನು ಬನಹಟ್ಟಿಯ ಹತ್ತಿರಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟೆ. ಸ್ಥಳಾಂತರ ಪೂರ್ತಿಯಾಗುವ ತನಕ ಇಲ್ಲಿನ ಶಿಕ್ಷಕರನ್ನು ಬಿಡುವಂತಿಲ್ಲ ಎಂಬ ಉತ್ತರ ಬಂತು. ಬೀಳಗಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬಸ್ಸಿಗೆ ಕಾದು, ಬಸ್ಸು ಬಿಟ್ಟು ನಡೆದು, ಶೆಡ್ಡಿನಲ್ಲಿ ಬೆವರಿ, ಮತ್ತೆ ಬಸ್ಸಿಗೆ ಕಾಯುವುದೇ ನನ್ನ ದಿನವಾಯಿತು.

೨೦೦೦ನೆಯ ಇಸವಿಯ ಬೇಸಿಗೆಯಲ್ಲಿ ಜನಗಣತಿಗೆ ಮನೆ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಕೊಟ್ಟ ನಕಾಶೆಯಲ್ಲಿ ಹಳೆಯ ಊರಿನ ಜಾಗದಲ್ಲಿ ಏನೂ ಇರಲಿಲ್ಲ. ಆದರೆ ತರಬೇತಿಯಲ್ಲಿ, ನಿಮ್ಮ ಪಾಲಿನ ನೆಲವನ್ನೆಲ್ಲ ಕಾಲಿನಿಂದ ನಡೆದು ನೋಡಬೇಕು, ಗುಡಿಯ ಕಟ್ಟೆಯ ಮೇಲೆ ಮಲಗುವವನನ್ನೂ ಬಿಡಬಾರದು ಎಂದು ಹೇಳಿದ್ದರು. ಆಗ ಹೊಳೆ ತಳ ಸೇರಿತ್ತು. ಒಡೆದ ಗೋಡೆಗಳ ನಡುವೆ ನಡೆದು ದಿಬ್ಬ ಹತ್ತಿದೆ. ಕಲ್ಲಿನ ಗೋಡೆಯ ಮೇಲೆ ಕೆಮ್ಮಣ್ಣಿನಿಂದ ಮನೆಯ ಸಂಖ್ಯೆ ಬರೆದೆ. ಹುಡುಗಿಯ ತಾಯಿ ಪಕ್ಕದಲ್ಲೇ ನಿಂತು, ಇದು ಏನು ಸಂಖ್ಯೆ, ಮಳೆಗೆ ಅಳಿಸಿದರೆ ಏನು ಮಾಡಬೇಕು ಎಂದು ಕೇಳಿದಳು. ಅಳಿಸಿದರೂ ನನ್ನ ಪುಸ್ತಕದಲ್ಲಿ ಇರುತ್ತದೆ ಎಂದೆ. ಅವಳ ಮುಖ ಬೆಳಗಿತು. ಪಟ್ಟಿಗೆ ಬಂದೆವು ಎಂದು ಒಳಗಿದ್ದ ಅತ್ತೆಗೆ ಕೂಗಿ ಹೇಳಿದಳು. ಇದನ್ನು ಅವಳು ಸಂತ್ರಸ್ತರ ಪಟ್ಟಿ ಎಂದು ತಿಳಿದುಕೊಂಡದ್ದು ತಪ್ಪು ಎಂದು ನನಗೆ ಅಲ್ಲೇ ಗೊತ್ತಾಗಿತ್ತು. ಸರಿಪಡಿಸುವ ಮನಸ್ಸಾಗಲಿಲ್ಲ.

ಮಳೆಗಾಲದಲ್ಲಿ ನೀರು ಬಂತು. ಹೊಳೆಯ ಮಹಾಪೂರದ ಹಾಗೆ ಕೆಂಪಾಗಿ ಓಡಿ ಬಂದು ಓಡಿ ಹೋಗುವ ನೀರಲ್ಲ. ಸದ್ದಿಲ್ಲದೆ ಏರಿ, ಅಲ್ಲೇ ನಿಂತ ನೀರು. ಪುನರ್ವಸತಿ ಕೇಂದ್ರದ ಅಂಚಿನಿಂದ ನೋಡಿದರೆ ದೂರದಲ್ಲಿ ದಿಬ್ಬವೂ ಗುಡಿಯ ಬೋಳು ಶಿಖರವೂ ಕಾಣುತ್ತಿದ್ದವು. ಹುಡುಗಿಯ ಹೆಸರಿನ ಮುಂದೆ ನಾನು ದಿನವೂ ಗೈರುಹಾಜರಿಯ ಗುರುತು ಹಾಕುತ್ತಿದ್ದೆ. ಕುರಿಗಾರರು ಒಣ ಸೀಮೆಯ ಸಾವಳಗಿ ಕಡೆಯೋ ಇನ್ನೆಲ್ಲಿಗೋ ಹೋಗಿರಬೇಕು ಎಂದುಕೊಂಡಿದ್ದೆ. ಅವರು ಹೋಗಿರಲಿಲ್ಲ. ಮುದುಕಿಗೆ ಜ್ವರ ಬಂದು ಒಂದು ವಾರ ತಡಮಾಡಿದ್ದರು. ಆ ವಾರದಲ್ಲಿ ನೀರು ದಾರಿಯನ್ನು ತಿಂದಿತ್ತು.

ಫೆಬ್ರುವರಿಯಲ್ಲಿ ಜನರನ್ನು ಎಣಿಸುವ ಕೆಲಸ ಶುರುವಾಯಿತು. ನಾನೇ ಸಂಖ್ಯೆ ಬರೆದ ಮನೆಯನ್ನು ನಾನೇ ಬಿಡುವಂತಿರಲಿಲ್ಲ. ಹಿನ್ನೀರಿನಲ್ಲಿ ಮೀನು ಹಿಡಿಯಲು ಬಂದಿದ್ದ ಒಬ್ಬನ ಹರಿಗೋಲಿನಲ್ಲಿ ಒಂದು ಮುಂಜಾನೆ ಹೊರಟೆ. ಮಧ್ಯಾಹ್ನದೊಳಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವನು ನನ್ನನ್ನು ದಿಬ್ಬದ ಕಲ್ಲಿನ ಮೇಲೆ ಇಳಿಸಿ ಹೋದ.

ನಾಲ್ವರೂ ಅಲ್ಲೇ ಇದ್ದರು. ಆರು ತಿಂಗಳಿಂದ ಅಲ್ಲೇ ಇದ್ದರು. ಕುರಿಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ದಿಬ್ಬದ ಮೇಲೆ ಹುಲ್ಲಿನ ಒಂದು ಕಡ್ಡಿಯೂ ಇರಲಿಲ್ಲ, ಗುಡಿಯ ಮುಂದಿನ ಬೇವಿನ ಮರಕ್ಕೆ ಕುರಿಯ ಬಾಯಿ ಮುಟ್ಟುವಷ್ಟು ಎತ್ತರದ ತನಕ ತೊಗಟೆ ಇರಲಿಲ್ಲ. ಗಂಡ ನಾಲ್ಕು ಖಾಲಿ ಪ್ಲಾಸ್ಟಿಕ್ ಕೊಡಗಳನ್ನು ಬಿದಿರಿಗೆ ಕಟ್ಟಿ ತೆಪ್ಪ ಮಾಡಿಕೊಂಡಿದ್ದ. ಅದರ ಮೇಲೆ ಹೋಗಿ, ನೀರಿನ ಮೇಲೆ ತುದಿ ಮಾತ್ರ ಕಾಣುವ ಜಾಲಿಮರಗಳ ಕೊಂಬೆ ಕಡಿದು ತರುತ್ತಿದ್ದ. ಜೋಳ ತರಲು ವಾರಕ್ಕೊಮ್ಮೆ ಅದೇ ತೆಪ್ಪದಲ್ಲಿ ದಂಡೆಗೆ ಹೋಗುತ್ತಿದ್ದನಂತೆ. ಅದು ಒಬ್ಬನನ್ನು ಮಾತ್ರ ತಾಳುತ್ತಿತ್ತು. ಕುರಿಯನ್ನಾಗಲಿ ತಾಯಿಯನ್ನಾಗಲಿ ಅದರಲ್ಲಿ ಕೂರಿಸುವಂತಿರಲಿಲ್ಲ. ಮೀನಿನವರನ್ನು ಕೇಳಿದರೆ ಕುರಿಯ ಗೊರಸಿಗೆ ಹರಿಗೋಲಿನ ತಳ ಹರಿಯುತ್ತದೆ ಎಂದು ಹಿಂದೆ ಸರಿದಿದ್ದರು. ಮುದುಕಿ ಗುಡಿಯ ಬೀರಪ್ಪನನ್ನು ಬಿಟ್ಟು ಬರುವುದಿಲ್ಲ ಎಂದು ಕೂತಿದ್ದಳು. ಅವಳನ್ನು ಬಿಟ್ಟು ಸೊಸೆ ಬರುವಂತಿರಲಿಲ್ಲ. ಒಬ್ಬೊಬ್ಬರ ಕಾಲು ಇನ್ನೊಬ್ಬರ ಕಾಲಿಗೆ ಕಟ್ಟಿಕೊಂಡಿತ್ತು.

ಗುಡಿಯ ಕಟ್ಟೆಯ ಮೇಲೆ ಕೂತು ನಮೂನೆ ತುಂಬಿಸಿದೆ. ಹೆಸರು, ವಯಸ್ಸು, ಓದು ಬರಹ, ಕೆಲಸ. ಕಳೆದ ವರ್ಷ ಎಷ್ಟು ತಿಂಗಳು ಕೆಲಸ ಮಾಡಿದ್ದೀರಿ ಎಂದು ಕೇಳಿದಾಗ ಗಂಡ ನಕ್ಕ. ಕೆಲಸ ಮುಗಿಯುವ ಹೊತ್ತಿಗೆ ಗಾಳಿ ಎದ್ದಿತು. ಅಗಲವಾದ ನೀರಿನ ಮೇಲೆ ಗಾಳಿ ಎದ್ದರೆ ಹೊಳೆಯಲ್ಲಿ ಕಾಣದಂಥ ಅಲೆಗಳು ಏಳುತ್ತವೆ. ಮಧ್ಯಾಹ್ನವಾಯಿತು, ಹರಿಗೋಲು ಬರಲಿಲ್ಲ. ಇಳಿಹೊತ್ತಾಯಿತು, ಬರಲಿಲ್ಲ. ನಾನು ಮತ್ತೆ ಮತ್ತೆ ಎದ್ದು ದಂಡೆಯ ಕಡೆ ನೋಡುತ್ತಿದ್ದೆ. ದಿಬ್ಬವನ್ನು ಒಂದು ಸುತ್ತು ಬಂದೆ. ತುಸು ಹೊತ್ತಿನಲ್ಲೇ ಹೊರಟ ಜಾಗಕ್ಕೆ ಬಂದು ನಿಂತಿದ್ದೆ. ಇನ್ನೊಂದು ಸುತ್ತು ಬಂದೆ. ಕುರಿಗಳೂ ಹಾಗೆಯೇ ಒಂದರ ಹಿಂದೆ ಒಂದು ಸುತ್ತುತ್ತಿದ್ದವು, ಅವುಗಳ ಗೊರಸಿಗೆ ಕಲ್ಲಿನ ಅಂಚಿನಲ್ಲಿ ಹಾದಿ ಬಿದ್ದಿತ್ತು. ಗುಡಿಯ ಕಟ್ಟೆಗೆ ಬಂದು ಕೂತುಬಿಟ್ಟೆ. ಸುತ್ತ ಕಣ್ಣು ಹಾಯುವಷ್ಟೂ ಬಯಲು. ಆದರೂ ಮಗ್ಗದ ಪಕ್ಕದ ಮೂಲೆಯಲ್ಲಿ ಕೂಡ ನನಗೆ ಹಾಗೆ ಉಸಿರು ಕಟ್ಟಿರಲಿಲ್ಲ.

ಹೆಂಡತಿ ರೊಟ್ಟಿ, ಕಾರದ ಪುಡಿ ತಂದು ಇಟ್ಟಳು. ನಾನು ತಿನ್ನುವುದನ್ನೇ ನೋಡುತ್ತ, ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು.

"ಅಕ್ಕಾರ, ನೀವು ಸಾಲ್ಯಾಗ ಹೇಳೀರಂತ. ಭೂಮಿ ಮ್ಯಾಲ ಮಂದಿ ಇರೂ ಜಾಗಾ ಭಾಳ ಕಡಿಮಿ ಐತಂತ. ಖರೆ ಏನ್ರೀ?"

ಮಗಳು ನೀರು ಬರುವ ಮುಂಚೆ ಕಲಿತ ಕೊನೆಯ ಪಾಠಗಳಲ್ಲಿ ಅದೂ ಒಂದಾಗಿತ್ತು. ಖರೆ ಎಂದೆ. ಮರಳುಗಾಡು, ವರ್ಷವಿಡೀ ಕರಗದ ಹಿಮ, ಬೆಟ್ಟದ ಸಾಲು, ದಟ್ಟ ಅಡವಿ, ಇವೆಲ್ಲ ಕೂಡಿದರೆ ನೆಲದ ದೊಡ್ಡ ಪಾಲು ಖಾಲಿಯೇ ಇದೆ, ನೀರು ಸಿಗುವ, ಬೆಳೆ ಬರುವ ಜಾಗದಲ್ಲೇ ಮಂದಿ ಒತ್ತೊತ್ತಾಗಿ ಇರುತ್ತಾರೆ ಎಂದು ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದೆ.

"ಅಲ್ಲಿ ಯಾರೂ ಇಲ್ಲಂತ ಯಾರ ಹೋಗಿ ನೋಡಿ ಬಂದಾರ್ರೀ?" ಎಂದಳು. "ನಮ್ಮ ಮನಿಗಿ ಬಂದವರೂ ಹಂಗ ಬರಕೊಂಡ ಹೋದ್ರು. ಚಿಲಕ ನೋಡಿ ಮಂದಿ ಇಲ್ಲಂದ್ರು."

ಪುಸ್ತಕದಲ್ಲಿ ಹಾಗಿದೆ ಎಂದು ಹೇಳಬಹುದಿತ್ತು. ಆ ದಿಬ್ಬದ ಮೇಲೆ ಕೂತು ಹಾಗೆ ಹೇಳಲು ನಾಲಿಗೆ ಏಳಲಿಲ್ಲ.

ಆಮೇಲೆ ಅವಳು ನಿಜವಾಗಿ ಕೇಳಬೇಕಾದುದನ್ನು ಕೇಳಿದಳು. ನಾನು ಈಗ ಬರೆದುಕೊಂಡ ಕಾಗದವನ್ನು ಕಚೇರಿಯಲ್ಲಿ ತೋರಿಸಿದರೆ ಪುನರ್ವಸತಿ ಕೇಂದ್ರದಲ್ಲಿ ತಮಗೆ ಪ್ಲಾಟು ಸಿಗುವುದಿಲ್ಲವೇ ಎಂದು. ತೋರಿಸುವಂತಿಲ್ಲ ಎಂದು ವಿವರಿಸಬೇಕಾಯಿತು. ಜನಗಣತಿಯಲ್ಲಿ ಬರೆದುಕೊಂಡದ್ದು ಗುಟ್ಟು. ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಎಲ್ಲೂ ಬಾಯಿ ಬಿಡುವಂತಿಲ್ಲ, ಅದನ್ನು ಸಾಕ್ಷಿಯಾಗಿ ಯಾರೂ ತೆಗೆದುಕೊಳ್ಳುವುದೂ ಇಲ್ಲ. ಆ ನಿಯಮ ಜನರ ಒಳ್ಳೆಯದಕ್ಕೇ ಮಾಡಿದ್ದು ಎಂದೂ ಸೇರಿಸಿದೆ. ಅವಳು ಗೋಡೆಯ ಮೇಲೆ ಮಸುಕಾಗಿದ್ದ ಕೆಮ್ಮಣ್ಣಿನ ಸಂಖ್ಯೆಯನ್ನು ನೋಡಿದಳು. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಂದ್ರ ನಾವು ಇದ್ದದ್ದು ನಿಮಗ ಗೊತ್ತು, ಆದರ ನೀವು ಹೇಳಾಂಗಿಲ್ಲ," ಎಂದಷ್ಟೇ ಹೇಳಿ ತಾಟು ಎತ್ತಿಕೊಂಡು ಹೋದಳು.

ಹರಿಗೋಲು ಬಂದದ್ದು ಮರುದಿನ ಮಧ್ಯಾಹ್ನ. ಹತ್ತುವಾಗ ಹುಡುಗಿ ತನ್ನ ಪಾಟಿಚೀಲ ಹಿಡಿದು ಬಂದು ನಿಂತಿದ್ದಳು. ನಾನು ಕರೆದುಕೊಂಡು ಹೋಗಬಹುದು ಎಂದು ಅವಳಿಗೆ ಅನ್ನಿಸಿರಬೇಕು. ತಾಯಿ ಅವಳ ಹೆಗಲಿನ ಮೇಲೆ ಕೈಯಿಟ್ಟು ಹಿಂದಕ್ಕೆ ಎಳೆದುಕೊಂಡಳು. ನಾನು ಒಬ್ಬಳೇ ಹೊರಟುಬಂದೆ. ದಂಡೆ ಮುಟ್ಟಿದಾಗ ಆದ ನೆಮ್ಮದಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಜನಗಣತಿಯ ಕಾಗದ ಬಳಸುವಂತಿರಲಿಲ್ಲ, ಆದರೆ ಶಾಲೆಯ ಹಾಜರಿ ಪುಸ್ತಕಕ್ಕೆ ಅಂಥ ನಿರ್ಬಂಧ ಇರಲಿಲ್ಲ. ನನ್ನ ಶಾಲೆಯ ಒಬ್ಬ ವಿದ್ಯಾರ್ಥಿನಿ ನೀರು ಸುತ್ತಿದ ದಿಬ್ಬದ ಮೇಲೆ ಸಿಕ್ಕಿಕೊಂಡಿದ್ದಾಳೆ, ಅವಳಿಗೆ ಶಾಲೆಗೆ ಬಂದು ಹೋಗಲು ದೋಣಿಯ ವ್ಯವಸ್ಥೆ ಮಾಡಬೇಕು ಎಂದು ಮುಖ್ಯಾಧ್ಯಾಪಕರ ಸಹಿ ಹಾಕಿಸಿ ಅದೇ ಕಚೇರಿಗೆ ಪತ್ರ ಕಳಿಸಿದೆ. ಇದರಲ್ಲಿ ಜಾಣತನ ಏನೂ ಇರಲಿಲ್ಲ. ನನಗೆ ನಿಜವಾಗಿಯೂ ದೋಣಿ ಬೇಕಾಗಿತ್ತು. ಉತ್ತರ ಬರುವಷ್ಟರಲ್ಲಿ ಬೇಸಿಗೆ ಬಂದು ನೀರು ಇಳಿದಿತ್ತು. ಕೆಸರು ಅರೆ ಒಣಗಿ ದಾರಿ ಬಿಟ್ಟಿತ್ತು. ಹುಡುಗಿ ಮೊದಲ ದಿನ ಮೊಣಕಾಲಿನ ತನಕ ಕೆಸರು ಮಾಡಿಕೊಂಡು ಶಾಲೆಗೆ ಬಂದಳು, ಹಿಂದೆಯೇ ಅವಳ ತಾಯಿ.

ಕಚೇರಿಯಿಂದ ಬಂದ ಪತ್ರ ನನ್ನ ಮೇಜಿನ ಮೇಲಿತ್ತು. ದೋಣಿ ಸಿಗುವುದಿಲ್ಲ ಎಂದು ಹೇಳಿದೆ. ಏನು ಬರೆದಿದ್ದಾರೆ, ಓದಿ ಎಂದಳು. ನಾಲ್ಕು ಸಾಲಿನ ಪತ್ರ. ಸದರಿ ದಿಬ್ಬದ ಮೇಲೆ ಒಂದೇ ಮನೆ ಇರುವುದರಿಂದ ದೋಣಿ ಒದಗಿಸಲು ಅವಕಾಶವಿರುವುದಿಲ್ಲ ಎಂದು ಓದಿದೆ. ಬೇಸರದಿಂದ ಮಡಚಲು ಹೋದೆ. ಅವಳು ಕೈ ಚಾಚಿ ತಡೆದಳು.

"ಇನ್ನೊಮ್ಮಿ ಓದ್ರಿ."

ಮತ್ತೆ ಓದಿದೆ.

"ಒಂದ ಮನಿ ಐತಿ ಅಂತ ಬರದಾರಲ್ರೀ," ಎಂದಳು.

ನಾನು ಆ ಸಾಲನ್ನು ಎಷ್ಟು ಸಲ ಓದಿದ್ದೆನೋ. ದೋಣಿ ಇಲ್ಲ ಅನ್ನುವುದರ ಹೊರತು ಅದರಲ್ಲಿ ಬೇರೇನೂ ನನಗೆ ಕಂಡಿರಲಿಲ್ಲ. ಅಕ್ಷರ ಬಾರದವಳು ಕೇಳಿದ ಕೂಡಲೇ ಹಿಡಿದಳು. ಅದರ ಕೆಳಗೆ ಸಹಿ ಇತ್ತು, ಮೊಹರು ಇತ್ತು. ನಾನು ಮೂರು ಪ್ರತಿ ಮಾಡಿಸಿ, ಮುಖ್ಯಾಧ್ಯಾಪಕರಿಂದ ದೃಢೀಕರಣ ಮಾಡಿಸಿ ಕೊಟ್ಟೆ. ಅವಳು ಆ ಪತ್ರವನ್ನು ಹಿಡಿದು ಬಸ್ಸು ಹತ್ತಿ ಹೋಗತೊಡಗಿದಳು. ಎಷ್ಟು ಸಲ ಹೋದಳೋ. ಒಮ್ಮೆ ಸಾಹೇಬರಿಲ್ಲ, ಒಮ್ಮೆ ಕಡತವಿಲ್ಲ. ಒಬ್ಬರು, ಆ ಪತ್ರ ತಪ್ಪಾಗಿ ಬಂದದ್ದು, ತಿರುಗಿ ಕೊಡು ಎಂದೂ ಕೇಳಿದರಂತೆ. ಕೊಡಲಿಲ್ಲ. ಮಳೆ ಬಂದು ನೀರು ಸುತ್ತುವ ಮುಂಚೆ ಈ ಸಲ ಅವಳು ಅತ್ತೆಯೊಡನೆ ಜಗಳ ಮಾಡಿ, ಬೀರಪ್ಪನ ಗುಡಿಯ ಒಂದು ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಟ್ಟು, ಮುದುಕಿಯನ್ನೂ ಮಗಳನ್ನೂ ಕರೆದುಕೊಂಡು ಬಂದು ನಮ್ಮ ಶಾಲೆಯ ಶೆಡ್ಡಿನ ಹಿಂದೆ ತಾಡಪಾಲು ಕಟ್ಟಿ ಕೂತಳು. ಗಂಡ ಕುರಿ ಹೊಡೆದುಕೊಂಡು ಸಾವಳಗಿ ಕಡೆ ಹೋದ. ಎರಡು ಮಳೆಗಾಲ ಅವರು ಅಲ್ಲೇ ಇದ್ದರು. ಕೊನೆಗೆ ಕೇಂದ್ರದ ತುದಿಯಲ್ಲಿ, ಯಾರೂ ಬೇಡವೆಂದು ಬಿಟ್ಟಿದ್ದ ಒಂದು ತಗ್ಗಿನ ಪ್ಲಾಟು ಅವಳ ಹೆಸರಿಗೆ ಬಂತು.

ಗೆದ್ದ ಹಾಗೆಯೇ. ಅವಳು ನನಗೆ ಶೇಂಗಾ ಹೋಳಿಗೆ ತಂದುಕೊಟ್ಟಳು. ಆದರೆ ಆ ಪ್ಲಾಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿದ ಅಂಗಳದಲ್ಲಿ ನಾಲ್ಕು ಕುರಿಗೂ ಜಾಗವಿರಲಿಲ್ಲ. ಆಚೆ ಮನೆಯವರು ನಾತ ಬರುತ್ತದೆ ಎಂದು, ಈಚೆ ಮನೆಯವರು ಸಸಿ ತಿನ್ನುತ್ತವೆ ಎಂದು ತಕರಾರು ತೆಗೆದರು. ಗಂಡ ಹಬ್ಬಕ್ಕೆ ಬಂದಾಗ ಮನೆಯೊಳಗೆ ನಿದ್ದೆ ಹತ್ತುವುದಿಲ್ಲವೆಂದು ಬೀದಿಯಲ್ಲಿ ಕಂಬಳಿ ಹಾಸಿಕೊಳ್ಳುತ್ತಿದ್ದ. ಮೂರನೆಯ ದಿನ ಎದ್ದು ಹೋಗುತ್ತಿದ್ದ. ಮುದುಕಿ ಅಲ್ಲೇ ತೀರಿಕೊಂಡಳು. ನನ್ನ ವರ್ಗವೂ ಅಷ್ಟರಲ್ಲಿ ಆಗಿ, ನಾನು ಜಮಖಂಡಿ ತಾಲೂಕಿಗೆ ಬಂದೆ.

ಹತ್ತು ವರ್ಷದ ಮೇಲೆ ಮತ್ತೆ ಜನಗಣತಿ ಬಂತು. ಈ ಸಲ ನನ್ನ ಪಾಲಿಗೆ ಬೇರೆ ಊರು. ಒಂದು ಭಾನುವಾರ ಹಳೆಯ ಕಡೆಗೆ ಹೋದಾಗ ಆ ಹೆಂಗಸು ಕೂದಲು ನೆರೆತು ಬಾಗಿಲಲ್ಲಿ ಕೂತಿದ್ದಳು. ಮಗಳನ್ನು ಮದುವೆ ಮಾಡಿ ರನ್ನ ಬೆಳಗಲಿಗೆ ಕೊಟ್ಟಿದ್ದಳು. ಎಣಿಸುವವರು ಬಂದಿದ್ದರಂತೆ, ಗಂಡ ಎಲ್ಲಿರುತ್ತಾನೆ ಎಂದು ಕೇಳಿದರಂತೆ. ಏನು ಹೇಳಿದೆ ಎಂದು ನಾನು ಕೇಳಿದೆ. ಹೇಳಲು ಗೊತ್ತಾಗಲಿಲ್ಲ, ಅವರೇ ಏನೋ ಬರೆದುಕೊಂಡು ಹೋದರು ಎಂದಳು.

ಅವನನ್ನು ನಾನು ಇನ್ನೊಂದೇ ಸಲ ನೋಡಿದೆ. ಅದಾಗಿ ಕೆಲವು ವರ್ಷಗಳ ಮೇಲೆ, ಸಾವಳಗಿಗೆ ಹೋಗುವ ಬಸ್ಸಿನಲ್ಲಿ. ತುಬಚಿಯ ಕಡೆಯಿಂದ ಹೊಳೆಯ ನೀರು ಎತ್ತಿ ಆ ಒಣ ಸೀಮೆಗೂ ತಂದಿದ್ದರು. ಒಂದು ಕಾಲಕ್ಕೆ ಜೋಳದ ಕೂಳೆಯಲ್ಲಿ ಕುರಿ ಹರಡಿ ಮೇಯುತ್ತಿದ್ದ ಹೊಲಗಳಲ್ಲಿ ಕಬ್ಬು ಆಳೆತ್ತರ ನಿಂತಿತ್ತು. ರಸ್ತೆಯ ಎರಡೂ ಬದಿಗೆ ತಂತಿ, ತಂತಿಯ ಹಿಂದೆ ಕಬ್ಬು. ಬಸ್ಸು ನಿಂತಾಗ ಕಿಟಕಿಯಿಂದ ಬಗ್ಗಿ ನೋಡಿದೆ. ಮುಂದೆ ರಸ್ತೆ ತುಂಬ ಕುರಿ, ಹಿಂದೆ ಕಂಬಳಿ ಹೊದ್ದು ಅವನು. ಡ್ರೈವರ್ ಹಾರ್ನ್ ಒತ್ತಿದ. ಅವನು ತಿರುಗಿ ನೋಡಿ, ಬಲಕ್ಕೂ ಎಡಕ್ಕೂ ಕೈ ತೋರಿಸಿದ. ಸರಿಯಲು ಜಾಗವಿರಲಿಲ್ಲ. ಹಿಂದೆ ಟ್ರ್ಯಾಕ್ಟರುಗಳು ಬಂದು ನಿಂತವು. ಬಸ್ಸಿನಲ್ಲಿದ್ದವರು ಗೊಣಗಿದರು, ಯಾರೋ ಬೈದರು. ಇಳಿದು ಮಾತಾಡಿಸಬೇಕೆಂದು ನಾನು ಎದ್ದೆ, ಚೀಲವನ್ನೂ ಹೆಗಲಿಗೆ ಹಾಕಿದೆ. ಆದರೆ ನಡುದಾರಿಯಲ್ಲಿ ಜನ ಒತ್ತಿ ನಿಂತಿದ್ದರು, ಬಾಗಿಲು ಮುಟ್ಟುವುದಾಗಲಿಲ್ಲ. ಕುರಿಗಳು ತಮ್ಮ ನಡಿಗೆಯಲ್ಲೇ ನಡೆದವು. ಅವುಗಳ ಹಿಂದೆ ಅವನು, ಅವನ ಹಿಂದೆ ಬಸ್ಸು, ಮೊದಲನೆಯ ಗೇರಿನಲ್ಲಿ, ಕಬ್ಬಿನ ನಡುವೆ ಬಹಳ ದೂರದ ತನಕ.